ಮೂರು ಸಲದ ಮಾರಾಟ

ಚಕ್ರವರ್ತಿಯ ಆಜ್ಞೆಯನ್ನು ಹಿಯೆರಾಪೊಲಿಸ್ ಪೇಟೆಯಲ್ಲಿ ಓದಿದ ದಿನ ನಾವೆಲ್ಲ ರೋಮಿನ ಪೌರರಾದೆವು. ಅವನ ಮನೆತನದ ಹೆಸರೂ ಎಲ್ಲರಿಗೂ ಅಂಟಿತು. 'ಔರೇಲಿಯಸ್' ಎಂದು ಕೂಗಿದರೆ ಮೀನು ಮಾರುವವನಿಂದ ಹಿಡಿದು ಕತ್ತೆ ಕಾಯುವವನವರೆಗೆ ಎಲ್ಲರೂ ತಿರುಗಿ ನೋಡುತ್ತಿದ್ದರು. ನಾನು ಉಣ್ಣೆಗೆ ಬಣ್ಣ ಹಾಕುವವನು. ಖುಷಿಯಲ್ಲಿ ಹಂದಿ ಕಡಿಸಿ ಊಟ ಹಾಕಿಸಿದೆ. ಮಗಳು ಅಮ್ಮಿಯಳನ್ನು ಅವಳು ಮೆಚ್ಚಿದ ನನ್ನ ಕೆಲಸಗಾರ ಕಾರ್ಪನಿಗೇ ಕೊಡುತ್ತೇನೆಂದು ಬಂದವರಿಗೆಲ್ಲ ಹೇಳಿದೆ.

ಆ ಊಟಕ್ಕೆ ಅಪ್ಪನನ್ನೂ ಕರೆದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ. ಎರಡನೇ ಮದುವೆಯಾದಾಗ ನನ್ನನ್ನು ಮನೆಯಿಂದ ಓಡಿಸಿದ್ದ ಮನುಷ್ಯ. ಹಳೆಯದೆಲ್ಲ ಮರೆತುಹೋಗಲಿ ಎಂದುಕೊಂಡಿದ್ದೆ. ಅವನು ಬರುವಾಗ ಒಬ್ಬ ವಕೀಲನನ್ನೂ ಕರೆತಂದ.

"ರೋಮಿನ ಕಾನೂನು ಗೊತ್ತೇನೋ?" ಎಂದ ಅಪ್ಪ, ಮೂಳೆ ಚೀಪುತ್ತ. "ಅಪ್ಪ ಬದುಕಿರೋವರ್ಗೂ ಮಗಂದು ಅಂತ ಏನೂ ಇಲ್ಲ. ಈ ಬಣ್ಣದ ತೊಟ್ಟಿಗಳು ನಂದು. ಹುಡುಗೀನೂ ನನ್ನ ಕೈಯಲ್ಲಿ. ಅವಳ್ನ ಎಣ್ಣೆ ವ್ಯಾಪಾರಿ ಗ್ಲೈಕೋನನಿಗೆ ಕೊಡ್ತೀನಿ."

"ಅವನಿಗೆ ನಿನ್ನಷ್ಟೇ ವಯಸ್ಸಾಗಿದೆಯಲ್ಲಪ್ಪ."

"ಹಂಗಾದ್ರೆ ಬುದ್ಧಿ ಇರತ್ತೆ ಬಿಡು."

ವಕೀಲನ ಮುಖ ನೋಡಿದೆ. ಹೌದೆಂದು ತಲೆಯಾಡಿಸಿದ. ನಿನ್ನೆಯವರೆಗೆ ನಾನು ಈ ಮನೆಗೆ ಯಜಮಾನ. ಇವತ್ತು ತಲೆ ನರೆತ ಮೇಲೆ ತೊಟ್ಟಿಲ ಕೂಸಾಗಿದ್ದೆ.

"ಬಿಡಿಸ್ಕೊಳ್ಳೋ ದಾರಿ ಇಲ್ವಾ ಸ್ವಾಮಿ?"

"ಇದೆ. ಅಪ್ಪ ಮಗನ್ನ ಮೂರು ಸಲ ಮಾರಬೇಕು. ಸಾಕ್ಷಿಗಳ ಮುಂದೆ, ತಕ್ಕಡಿ ಹಿಡಿದು, ಸುಮ್ನೆ ಶಾಸ್ತ್ರಕ್ಕೆ. ಕೊಂಡವನು ಪ್ರತಿ ಸಲ ಬಿಟ್ಟುಬಿಡ್ತಾನೆ. ಮೂರನೇದು ಮುಗಿದ್ಮೇಲೆ ಮಗನಿಗೆ ಬಿಡುಗಡೆ."

ನೆಂಟರು ನಕ್ಕರು. ನಾನು ಎಲ್ಲರೆದುರೇ ಅಪ್ಪನ ಮೊಣಕಾಲು ಹಿಡಿದೆ. "ನನ್ನ ಮಾರಿಬಿಡಪ್ಪ."

"ಅದಕ್ಕೇನಂತೆ," ಎಂದ ಅಪ್ಪ. "ನಾಳೆನೇ ಮಾರ್ತೀನಿ."

ನನಗೆ ಅನುಮಾನ ಬಂತು. ಅಪ್ಪ ಎಂದೂ ಯಾರಿಗೂ ಒಂದು ಲೋಟ ನೀರನ್ನೂ ಸುಮ್ಮನೆ ಕೊಟ್ಟವನಲ್ಲ.

"ಮತ್ತೆ ಅಮ್ಮಿಯ?"

ವಕೀಲ ಗಂಟಲು ಸರಿಮಾಡಿಕೊಂಡ. "ಮೊಮ್ಮಗಳು ಅಜ್ಜನ ಕೈಯಲ್ಲೇ ಉಳೀತಾಳೆ. ಅವಳನ್ನ ಬೇರೆಯಾಗಿ ಮಾರಬೇಕು. ನೀವು ಹೊರಗೆ ಹೋದ್ರೆ, ಕಾನೂನಿನ ಲೆಕ್ಕಕ್ಕೆ ಅವಳ ಮನೆಯವರೇ ಅಲ್ಲ."

"ಅವಳ್ನ ಮಾರಲ್ಲ," ಎಂದ ಅಪ್ಪ.

ಬಾಗಿಲಲ್ಲಿ ಅಮ್ಮಿಯ ನಿಂತಿದ್ದಳು. ಮದುವೆಗೆಂದು ತಾನೇ ಬಣ್ಣ ಹಾಕಿದ್ದ ಮುಸುಕು ಕೈಯಲ್ಲಿತ್ತು. ನಾನಿನ್ನೂ ಆ ಮೊಣಕಾಲು ಬಿಟ್ಟಿರಲಿಲ್ಲ.

"ಬೇಡಪ್ಪ," ಎಂದೆ. "ನನ್ನ ಮಾರಬೇಡ."