ಹತ್ತು ನಿಮಿಷದ ಸರದಿ

ಮಂತ್ರಿಗಳು ನೀರು ಕುಡಿಯುತ್ತಿದ್ದಾರೆ, ಗಂಟಲಿನ ಗಂಟು ಮೇಲೆ ಕೆಳಗೆ, ಅಷ್ಟು ಹೊತ್ತು ಅವಳ ಬೆರಳಿಗೆ ಬಿಡುವು — ಸದನದ ನಡುವಿನ ಈ ಪುಟ್ಟ ಮೇಜಿನಲ್ಲಿ ಇಪ್ಪತ್ತಾರು ವರ್ಷ ಶೀಘ್ರಲಿಪಿ ಗೀಚಿ ಜಡ್ಡುಗಟ್ಟಿದ ನಡುಬೆರಳು, ಒಬ್ಬರದು ಹತ್ತು ನಿಮಿಷದ ಸರದಿ, ಆಮೇಲೆ ಎದ್ದು ಹೋಗಿ ಟೈಪು ಮಾಡಬೇಕು, ಯಾರು ಏನೇ ಹೇಳಲಿ ಮುಖದಲ್ಲಿ ಏನೂ ಕಾಣಿಸುವಂತಿಲ್ಲ — ಲೋಟ ಕೆಳಗಿಟ್ಟರು, ಶುರು, ನೆರೆಯ ದೇಶ ಹೊತ್ತಿ ಉರಿಯುವಾಗ ನಾವು ಕೈಕಟ್ಟಿ ಕೂರಲಾಗದು ಮಾನ್ಯ ಸಭಾಧ್ಯಕ್ಷರೇ, ಅಲ್ಲಿಗೆ ಸೇನೆ ಕಳಿಸುವುದು ನಮ್ಮ ರಾಷ್ಟ್ರದ ಹಿತಕ್ಕಾಗಿಯೇ — ರಾಷ್ಟ್ರದ ಹಿತ, ಅದೆಷ್ಟು ಸಲ ಬಂದಿದೆಯೆಂದರೆ ಅದಕ್ಕವಳು ಒಂದೇ ಗೀಟು ಮಾಡಿಕೊಂಡಿದ್ದಾಳೆ, ಗಾಳದಂಥ ಕೊಕ್ಕೆ, ಹದಿನಾಲ್ಕು ವರ್ಷದ ಹಿಂದೆ ಅದೇ ದೇಶಕ್ಕೆ ಸೇನೆ ಹೊರಟಾಗಲೂ ಇದೇ ಕೊಕ್ಕೆ, ಆಗ ಬೇಡವೆಂದು ಕೂಗಾಡಿದ ಪಕ್ಷ ಇವರದೇ. ಆಗ ಹೋದವರಲ್ಲಿ ಅವಳ ಗಂಡ, ಸೇನೆಯ ಲಾರಿ ಡ್ರೈವರು, ಮೂರು ವಾರಕ್ಕೆ ಬಂದೆ ಎಂದವನು ಎರಡೂವರೆ ವರ್ಷಕ್ಕೆ ಬಂದ, ಎಡಗಿವಿ ಕಿವುಡಾಗಿ. ಮೊದಲ್ನೇ ವಾರ ಲಾರಿ ಮೇಲೆ ಹೂ ಎಸೆದ್ರು ಕಣೇ, ಆರನೇ ತಿಂಗಳು ಅದೇ ಓಣೀಲಿ ಕಲ್ಲು, ಎನ್ನುತ್ತಾನೆ. ಹಾಗಾದ್ರೆ ಹೋಗಿದ್ದೇ ತಪ್ಪಾ ಎಂದರೆ ಗುರ್ರೆನ್ನುತ್ತಾನೆ, ಹೋಗ್ದಿದ್ರೆ ಆ ಊರಲ್ಲಿ ಒಂದು ನರಪಿಳ್ಳೆ ಉಳೀತಿರ್ಲಿಲ್ಲ, ವಾಪಸ್ ಬರೋದ್ಯಾವಾಗ ಅಂತ ಯಾರೂ ಕೇಳ್ಲಿಲ್ಲ ನೋಡು, ಎಡವಿದ್ದು ಅಲ್ಲಿ. ಈಗ ಕೇಳುತ್ತಿದ್ದಾರೆ, ಹಿಂದಿನ ಸಾಲಿನ ಮುದುಕರೊಬ್ಬರು ಎದ್ದಿದ್ದಾರೆ, ಸ್ವಾಮಿ ಹೋಗುವ ದಾರಿ ಹೇಳಿದಿರಿ, ಬರುವ ದಾರಿ ಯಾವುದು — ಕೂತ್ಕೊಳ್ರೀ, ದೇಶದ್ರೋಹಿ, ಮೇಜು ಗುದ್ದುವ ಸದ್ದು, ಅವಳು ಗದ್ದಲ ಎಂದು ಬರೆಯುತ್ತಾಳೆ, ನಿಯಮ ಹಾಗೆ, ಪ್ರಶ್ನೆ ಅದರೊಳಗೆ ಮುಳುಗಿತು. ಮೊನ್ನೆ ಮಗಳ ಫೋನು, ಸೇನಾ ಆಸ್ಪತ್ರೆಯ ನರ್ಸು, ರಜೆ ಕ್ಯಾನ್ಸಲ್ಲಮ್ಮ, ಅಳಬೇಡ. ನಾನೆಲ್ಲಿ ಅಳ್ತಿದೀನಿ? ಮೂಗು ಸೊರ್ ಅಂತಿದೆಯಲ್ಲ. ಅಲ್ಲಿ ಆಸ್ಪತ್ರೆಗಳಿಗೇ ಬಾಂಬ್ ಹಾಕ್ತಿದಾರೆ, ನಾವ್ ಹೋಗ್ದೆ ಇನ್ಯಾರ್ ಹೋಗ್ಬೇಕು ಹೇಳು. ಹುಡುಗಿ ಹೇಳುವುದು ಸರಿಯೇ, ಅದೇ ಕಷ್ಟ, ಬೇರೆಯವರ ಮಗಳಾಗಿದ್ದರೆ ಭೇಷ್ ಎನ್ನಬಹುದಿತ್ತು — ಬೆರಳು ಹಿಂದೆ ಬಿತ್ತು, ಓಡು, ಮತ್ತೆ ಮಂತ್ರಿಗಳು, ಸದನದ ಒಪ್ಪಿಗೆಯಿಲ್ಲದೆ ನಮ್ಮ ಕಡೆಯ ಒಬ್ಬೇ ಒಬ್ಬ ವ್ಯಕ್ತಿ ಗಡಿ ದಾಟುವುದಿಲ್ಲ, ಇದು ನಾನು ಕೊಡುವ ಮಾತು. ಹಾಗಾದರೆ ಮಗಳು ಇನ್ನೂ ದಾಟಿಲ್ಲ, ಇನ್ನೂ ಗಡಿಯ ಈಚೆಯೇ ಇದ್ದಾಳೆ. ಸಭಾಧ್ಯಕ್ಷರು ಮತಕ್ಕೆ ಹಾಕಿದರು, ಪರವಾಗಿರುವವರು — ಹೌದು, ಬೆನ್ನ ಹಿಂದಿನಿಂದ ಉಕ್ಕಿ ಬಂತು. ವಿರುದ್ಧ — ಇಲ್ಲ, ಅಲ್ಲೊಂದು ಇಲ್ಲೊಂದು, ಕೆಮ್ಮಿದ ಹಾಗೆ.

ಸರದಿ ಮುಗಿಯಿತು, ಕಾರಿಡಾರಿನ ಕಂಬದ ಮರೆಯಲ್ಲಿ ಫೋನು, ರಿಂಗಾಗುತ್ತಿದೆ, ಎತ್ತು, ಎತ್ತೇ — ಅಮ್ಮಾ, ಬೇಗ ಹೇಳು, ಫೋನೆಲ್ಲ ಇಸ್ಕೋತಿದಾರೆ. ಒಪ್ಪಿಗೆ ಸಿಕ್ತು ಪುಟ್ಟಿ, ಇನ್ನು ನಿಮ್ಮನ್ನ ಹೊರಡಿಸ್ತಾರೆ. ಏನ್ ಒಪ್ಪಿಗೆ? ಬೆಳಿಗ್ಗೇನೇ ದಾಟಿದ್ವಲ್ಲಮ್ಮ. ಲಾರಿಗಳ ಮೊರೆತ, ಯಾರೋ ನಂಬರು ಕೂಗುತ್ತಿದ್ದಾರೆ, ಅವಳ ಬಾಯಿಂದ ಹೊರಟದ್ದು ಬೇರೇನೋ, ಜನ ಹೇಗಿದಾರೆ, ಹೂ ಎಸೆದ್ರಾ? ಯಾರೂ ಇಲ್ಲ, ಒಬ್ಳು ಅಜ್ಜಿ ರಸ್ತೆ ಪಕ್ಕ ಕೈ ಎತ್ಕೊಂಡು ನಿಂತಿದ್ಲು, ಬನ್ನಿ ಅಂತಿದ್ಲೋ ಬೇಡ ಅಂತಿದ್ಲೋ ಗೊತ್ತಾಗ್ಲಿಲ್ಲ, ಗಾಡಿ ನಿಲ್ಸೋ ಹಾಗಿಲ್ವಲ್ಲ — ಕಟ್ಟಾಯಿತು. ಟೈಪು ಕೋಣೆ, ಬೇಗ ಮುಗಿಸಿ ಮೇಡಂ, ಪತ್ರಿಕೆಯವರು ಕಾಯ್ತಿದಾರೆ, ಆಡಿದ್ದನ್ನು ಆಡಿದ ಹಾಗೆ ಇಳಿಸುವುದು ಅವಳ ಕೆಲಸ, ಸುಳ್ಳಾದರೆ ಆಡಿದವರ ಸುಳ್ಳು, ಒಬ್ಬೇ ಒಬ್ಬ ವ್ಯಕ್ತಿ, ಟೈಪಾಯಿತು, ಗಡಿ, ಟೈಪಾಯಿತು, ನರ್ಸುಗಳು ವ್ಯಕ್ತಿಗಳ ಲೆಕ್ಕಕ್ಕೆ ಬರುವುದಿಲ್ಲವೇನೋ, ಮಂತ್ರಿಗಳಿಗೇ ಗೊತ್ತಿರಲಿಲ್ಲವೇನೋ, ಗೊತ್ತಿಲ್ಲದಿದ್ದರೆ ಅದು ಇನ್ನೂ ಘೋರ, ದಾಟು, ಟೈಪಾಯಿತು, ಮುಂದಿನ ಅಕ್ಷರಕ್ಕೆ ಬೆರಳು ಇಳಿಯುತ್ತಿಲ್ಲ, ಧೂಳಿನಲ್ಲಿ ಒಂದು ಕೈ, ಬನ್ನಿ ಎನ್ನುವುದಾದರೆ ಬೀಸುತ್ತಿರಬೇಕಿತ್ತು, ಬೇಡ ಎನ್ನುವುದಾದರೆ ಅಡ್ಡ ಬರಬೇಕಿತ್ತು, ಅದು ಸುಮ್ಮನೆ ಎತ್ತಿದ ಕೈ, ಲಾರಿಗಳು ಒಂದಾದ ಮೇಲೊಂದು ಹೋಗುತ್ತಲೇ ಇವೆ, ಇಳಿದಿಲ್ಲ ಆ ಕೈ —