ರಸ್ತೆಗೆ ಹರಡಿದ ಹುರುಳಿ

ಬಂಡಳ್ಳಿಯ ಗುರುಸಿದ್ದಯ್ಯನವರು ಆ ವರ್ಷವೂ ಹುರುಳಿ ಗಿಡಗಳನ್ನು ಹನೂರು ರಸ್ತೆಯ ಮೇಲೆಯೇ ಹರಡಿದರು. ಬಸ್ಸು, ಲಾರಿಗಳ ಚಕ್ರಕ್ಕೆ ಸಿಕ್ಕಿ ಕಾಳು ತಾನಾಗಿ ಉದುರುತ್ತಿತ್ತು. ಅಪಘಾತವಾಗುತ್ತದೆ, ರಸ್ತೆಯಲ್ಲಿ ಒಕ್ಕಣೆ ಮಾಡಬಾರದು ಎಂಬ ಸರ್ಕಾರದ ಆದೇಶವನ್ನು ಪಂಚಾಯಿತಿಯವರು ಆಟೋಗೆ ಮೈಕು ಕಟ್ಟಿ ಊರೆಲ್ಲ ಸಾರಿದ್ದರು. ಹಿಂದಿನ ದಿನವಷ್ಟೇ ಪೊಲೀಸ್ ಪೇದೆ ಶಾಂತರಾಜು ಬೈಕು ನಿಲ್ಲಿಸಿ ಎಚ್ಚರಿಸಿದ್ದ.

"ನಾಳೆ ಒಂದಿನ ಸಾ, ತಗ್ದುಬುಡ್ತೀನಿ," ಎಂದಿದ್ದರು ಗುರುಸಿದ್ದಯ್ಯ.

ಬೆಳಿಗ್ಗೆ ಹತ್ತರ ಹೊತ್ತಿಗೆ ಪಕ್ಕದ ಬೀದಿಯ ದೀಪ ಸ್ಕೂಟರಿನಲ್ಲಿ ಬಂದಳು. ಅಂಗನವಾಡಿ ಕಾರ್ಯಕರ್ತೆ, ಹನೂರಿನಲ್ಲಿ ಮೀಟಿಂಗಿತ್ತು. ಹುರುಳಿಯ ಮೇಲೆ ಮುಂದಿನ ಚಕ್ರ ಜಾರಿ ಸ್ಕೂಟರು ಒಂದು ಕಡೆ ಬಿತ್ತು, ಅವಳೊಂದು ಕಡೆ ಬಿದ್ದಳು. ಹೆಲ್ಮೆಟ್ಟು ಟಾರಿಗೆ ಬಡಿದ ಸದ್ದು ಹುಣಸೆಮರದಡಿ ಕೂತಿದ್ದ ಗುರುಸಿದ್ದಯ್ಯನವರಿಗೆ ಚೆನ್ನಾಗಿ ಕೇಳಿಸಿತು.

ಅವರು ಎದ್ದು ಓಡಿದರು. ಓಡಿದ್ದು ದೀಪಳ ಹತ್ತಿರಕ್ಕಲ್ಲ. ಕವೆಗೋಲು ಹಿಡಿದು ಗಿಡಗಳನ್ನು ರಸ್ತೆಬದಿಗೆ ತಳ್ಳತೊಡಗಿದರು.

"ಅಯ್ಯೋ, ಮೊದ್ಲು ಆ ಮಗೀನ ಎತ್ರೀ!" ಎಂದು ಹೆಂಡತಿ ಸುವರ್ಣಮ್ಮ ಕೂಗಿದರು.

"ನೀನೇ ಎತ್ತು. ಪೊಲೀಸ್ನೋರು ಬಂದ್ಬುಡ್ತಾರೆ. ಪೊರ್ಕೆ ಎಲ್ಲದೆ?"

ದೀಪಳನ್ನು ಎತ್ತಿ ಕೂರಿಸಿದ್ದು ಸುವರ್ಣಮ್ಮ. ಎಡಗೈ ಮಣಿಕಟ್ಟು ಸೊಟ್ಟಗಾಗಿತ್ತು. ತುಟಿ ಒಡೆದು ಸೆರಗಿಗೆ ರಕ್ತ ತೊಟ್ಟಿಕ್ಕುತ್ತಿತ್ತು. ಅವಳು ಕೂಗಾಡಲಿಲ್ಲ, ರಸ್ತೆ ಗುಡಿಸುತ್ತಿದ್ದ ಮನುಷ್ಯನನ್ನೇ ನೋಡುತ್ತಿದ್ದಳು.

ಆಂಬುಲೆನ್ಸಿನ ಹಿಂದೆಯೇ ಶಾಂತರಾಜು ಬಂದು, ಏನಾಯಿತೆಂದು ಕೇಳಿದ.

"ನಾಯಿ ಅಡ್ಡ ಬಂತು ಸಾ," ಎಂದರು ಗುರುಸಿದ್ದಯ್ಯ.

ಅವನು ದೀಪಳ ಕಡೆ ತಿರುಗಿದ. ಅವಳು ಸೆರಗಿನಿಂದ ತುಟಿ ಒರೆಸಿಕೊಂಡು, "ಊಂ ಸಾ, ನಾಯಿ," ಎಂದಳು.

ಎರಡು ದಿನ ಗುರುಸಿದ್ದಯ್ಯನವರಿಗೆ ಅನ್ನ ಇಳಿಯಲಿಲ್ಲ. ಸುವರ್ಣಮ್ಮ ತಟ್ಟೆ ಇಡುತ್ತಿದ್ದರು, ಮಾತಾಡುತ್ತಿರಲಿಲ್ಲ. ಮೂರನೆಯ ದಿನ ಗುರುಸಿದ್ದಯ್ಯ ಎಳನೀರು ಹಿಡಿದು ದೀಪಳ ಮನೆಗೆ ಹೋದರು. ಅವಳ ತಾಯಿ ಕೆಂಪಾಜಮ್ಮ, "ಎಲ್ಮೆಟ್ ಇಲ್ದಿದ್ರೆ ಎಣ ತರ್ಬೇಕಿತ್ತು ಕಣಣ್ಣ," ಎಂದು ಚಾಪೆ ಹಾಸಿದಳು.

"ಯಾಕವ್ವ ನಾಯಿ ಅಂದ್ಬುಟ್ಟೆ?" ಎಂದು ಅವರು ದೀಪಳನ್ನು ಕೇಳಿದರು.

ದೀಪ ಕೈಯ ಪಟ್ಟಿ ಸರಿಮಾಡಿಕೊಂಡಳು. "ಎಲ್ರ ಮುಂದೆ ನಿಮ್ಮನ್ನ ಸುಳ್ಗಾರ ಅನ್ನಕ್ಕೆ ನಂಗೇ ನಾಚ್ಕೆ ಆಯ್ತು ದೊಡ್ಡಪ್ಪ."

ಅಲ್ಲಿಂದ ಅವರು ಮನೆಗೆ ಹೋಗಲಿಲ್ಲ. ಸಿಕ್ಕಿದ ಬಸ್ಸು ಹತ್ತಿ ಹನೂರಿನ ಠಾಣೆಗೆ ಹೋಗಿ ಶಾಂತರಾಜುವಿನ ಎದುರು ನಿಂತರು.

"ನಾಯಿ ಇರ್ನಿಲ್ಲ ಸಾ. ಅವ್ಳು ಬಿದ್ದದ್ದು ನನ್ ಉಳ್ಳಿ ಮ್ಯಾಲೆ. ಬರ್ಕಳಿ."

ಶಾಂತರಾಜು ತಲೆಯೆತ್ತಿದ. "ನಂಗೊತ್ತಿತ್ತು. ರಸ್ತೆ ಅಂಚಲ್ಲಿ ಕಾಳು ಬಿದ್ದಿದ್ವಲ್ಲ. ಊರಲ್ಲಿ ದೊಡ್ಡೋರು ನೀವು, ಹೆಂಗೆ ಕೇಳೋದು ಅಂತ ನಾನೂ ಬಿಟ್ಟೆ. ನನ್ದೂ ತಪ್ಪೇ."

ಗುರುಸಿದ್ದಯ್ಯನವರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹೇಳಿಕೆ ಬರೆದದ್ದಾಯಿತು, ಸಹಿ ಹಾಕಿದರು. ಕೇಸು ಕೊಳ್ಳೇಗಾಲದ ಕೋರ್ಟಿಗೆ ಹೋಯಿತು, ಅಲ್ಲಿಯೂ ತಪ್ಪೊಪ್ಪಿಕೊಂಡರು.

ದೀಪ ಎರಡು ತಿಂಗಳ ಮೇಲೆ ಕೆಲಸಕ್ಕೆ ಹಿಂತಿರುಗಿದಳು. ಎಡಗೈಯಲ್ಲಿ ಈಗಲೂ ಬಿಂದಿಗೆ ಎತ್ತಲಾಗುವುದಿಲ್ಲ. ಎದುರು ಸಿಕ್ಕಾಗ ಮೊದಲಿನಂತೆಯೇ, "ಊಟ ಆಯ್ತಾ ದೊಡ್ಡಪ್ಪ?" ಎನ್ನುತ್ತಾಳೆ.

"ಊಂ ಕಣವ್ವ," ಎಂದು ಅವರು ನೆಲ ನೋಡಿಕೊಂಡೇ ಮುಂದೆ ಹೋಗುತ್ತಾರೆ.