ಬರಿಗೈ ಬೆಣ್ಣೆ

ಮನೆಯ ಹಸು ಈದರೆ, ಮೊದಲು ಕಡೆದ ಬೆಣ್ಣೆಯನ್ನು ತೆರಕಣಾಂಬಿಯ ಹೊರಗಿನ ವೀರಗಲ್ಲಿನ ಹಣೆಗೆ ಬಳಿದು ಬರಬೇಕು. ಅಲ್ಲಿಯವರೆಗೆ ಚಿಕ್ಕಮಲ್ಲಮ್ಮನ ಮನೆಯಲ್ಲಿ ಯಾರೂ ಹಾಲು ಮುಟ್ಟುವುದಿಲ್ಲ.

ಜಿಡ್ಡು ಕಲ್ಲನ್ನು ತಿನ್ನುತ್ತದೆ, ಬೆಣ್ಣೆ ನಿಲ್ಲಿಸಿ ಎಂದರು ಕಲ್ಲು ಕಾಪಾಡಲು ಬಂದವರು. ಅದನ್ನು ನೋಡಲೆಂದೇ ಜನ ಬರುವುದು, ನಿಲ್ಲಿಸಬೇಡಿ ಎಂದರು ಪ್ರವಾಸಿಗರನ್ನು ಕರೆತರುವವರು. ಕೊನೆಗೆ ಇಬ್ಬರೂ ಕೂತು ಒಂದು ಒಪ್ಪಂದಕ್ಕೆ ಬಂದರು: ಮುದುಕಿ ಬಳಿಯಲಿ, ಬೆಣ್ಣೆ ಬೇಡ. ಮುದುಕಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ದಿನಾ ಪ್ರವಾಸಿಗರ ಮುಂದೆ ಬರಿಗೈಯಲ್ಲಿ ಬಳಿದಂತೆ ಮಾಡುತ್ತಿದ್ದ ಅವಳು ಇವತ್ತು ನಿಜವಾದ ಬೆಣ್ಣೆಯನ್ನೇ ತಂದಿದ್ದಳು. ಮನೆಯಲ್ಲಿ ಹಸು ಈದಿತ್ತು. ಅಲ್ಲಿ ಗೈಡ್ ಆಗಿದ್ದ ಅವಳ ತಂಗಿಯ ಮಗ ಮಲ್ಲೇಶ, ಅವಳ ಕೈಯಲ್ಲಿದ್ದ ಬೆಣ್ಣೆಯ ಬಾಳೆಲೆಯನ್ನು ಕಿತ್ತು ಬೇಲಿಯಾಚೆ ಎಸೆದ. ನಾಯಿಯೊಂದು ಬಂದು ನೆಕ್ಕಿತು.

"ಅಯ್ಯೋ, ಮನೇಲಿ ಇನ್ನೂ ಯಾರೂ ಹಾಲು ಕುಡ್ದಿಲ್ಲ ಕಣ್ಲಾ!"

"ಸುಮ್ನೆ ಬಳ್ದಂಗೆ ಮಾಡು ದೊಡ್ಡವ್ವ, ಜನ ಕಾಯ್ತಾವ್ರೆ."

ಹಗ್ಗದಾಚೆ ಮೊಬೈಲ್‌ಗಳು ಮೇಲೆದ್ದವು. ಚಿಕ್ಕಮಲ್ಲಮ್ಮ ಖಾಲಿ ಬೆರಳನ್ನು ಕಲ್ಲಿನ ಹಣೆಯ ಮುಂದೆ ಆಡಿಸಿದಳು. ಕಣ್ಣಿಂದ ನೀರು ಇಳಿಯಿತು. ಜನ ಚಪ್ಪಾಳೆ ತಟ್ಟಿದರು.

ಮಲ್ಲೇಶ ಹತ್ತಿರ ಬಂದ.

"ಇನ್ನೊಂದ್ಸಲ ಮಾಡ್ಬುಡು ದೊಡ್ಡವ್ವ, ಇಂದ್ಗಡೆ ನಿಂತಿರೋರ್ಗೆ ಫೋಟೊ ಸಿಕ್ಕಿಲ್ವಂತೆ. ಅಳೋದು ಮಾತ್ರ ಮರೀಬೇಡ."